ಬೆಲ್ಲಿಯ ತೂಕದ ಪುಸ್ತಕ

ಗಿನಿ ಪಿಗ್‌ಗೆ ಆಪರೇಷನ್ ಆದ ಮೇಲೆ ಮನೆಯವರು ಮೊದಲು ನೋಡಬೇಕಾದದ್ದು ಹೊಲಿಗೆಯನ್ನಲ್ಲ, ಹಿಕ್ಕೆಯನ್ನು. ಹೊಲಿಗೆ ಡಾಕ್ಟರ ಕೆಲಸ, ಅದನ್ನು ಅವರು ಮುಗಿಸಿಯೇ ಕಳಿಸಿರುತ್ತಾರೆ. ಹೊಟ್ಟೆ ನಡೆಯುತ್ತಿದೆಯೋ ನಿಂತಿದೆಯೋ ಎಂದು ಹೇಳುವುದು ಮಾತ್ರ ಗೂಡಿನ ಮೂಲೆಯಲ್ಲಿ ಬಿದ್ದ ಆ ಕಪ್ಪು ಹಿಕ್ಕೆಗಳೇ. ಈ ಪ್ರಾಣಿ ವಾಂತಿ ಮಾಡಲಾರದು. ಹಗಲೂ ರಾತ್ರಿಯೂ ಹುಲ್ಲು ಒಳಗೆ ಹೋಗುತ್ತಿರಬೇಕು, ಹಿಕ್ಕೆ ಹೊರಗೆ ಬರುತ್ತಿರಬೇಕು. ಅರ್ಧ ದಿನ ತಿನ್ನುವುದು ನಿಂತರೂ ಸಾಕು, ಕರುಳು ಮಂದವಾಗುತ್ತದೆ, ಗಾಳಿ ತುಂಬಿಕೊಳ್ಳುತ್ತದೆ, ಆ ನೋವಿಗೆ ಅದು ಇನ್ನೂ ತಿನ್ನುವುದಿಲ್ಲ. ಆಪರೇಷನ್ನಿನ ಗಾಯ ವಾಸಿಯಾಗುತ್ತಿರುವಾಗಲೇ ಹೊಟ್ಟೆ ನಿಂತು ಪ್ರಾಣ ಹೋಗುವುದುಂಟು. 2019ರ ಅಕ್ಟೋಬರ್‌ನಲ್ಲಿ, ಚಾಟ್ಸ್‌ವರ್ತ್‌ನ ನಮ್ಮ ಮನೆಯಲ್ಲಿ ಬೆಲ್ಲಿಯನ್ನು ನೋಡಿಕೊಂಡ ದಿನಗಳೆಲ್ಲ ಈ ಭಯದ ಸುತ್ತಲೇ ಕಳೆದವು.

ಚಾಟ್ಸ್‌ವರ್ತ್ ಲಾಸ್ ಏಂಜಲೀಸ್ ನಗರಕ್ಕೇ ಸೇರಿದ ಊರು. ಆದರೆ ಸಮುದ್ರ, ಹಾಲಿವುಡ್ಡು ಎಲ್ಲ ದೂರ. ಸ್ಯಾನ್ ಫರ್ನಾಂಡೋ ಕಣಿವೆಯ ವಾಯವ್ಯದ ಮೂಲೆ, ಅಲ್ಲಿಂದಾಚೆಗೆ ಸಾಂಟಾ ಸುಸಾನಾ ಬೆಟ್ಟಗಳು. ಟೊಪಾಂಗಾ ಕ್ಯಾನ್ಯನ್ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಸ್ಟೋನಿ ಪಾಯಿಂಟ್‌ನ ಬಂಡೆರಾಶಿ ಎದುರಾಗುತ್ತದೆ. ಹಿಂದೆ ಇಲ್ಲಿಯ ಐವರ್ಸನ್ ರಾಂಚ್‌ನಲ್ಲಿ ಕೌಬಾಯ್ ಸಿನಿಮಾಗಳು ಸಾಲುಸಾಲಾಗಿ ತಯಾರಾಗುತ್ತಿದ್ದವು. ಇವತ್ತಿಗೂ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಕುದುರೆ ಹತ್ತಿಕೊಂಡು ಹೋಗುವವರಿದ್ದಾರೆ. ತೀರ್ಥಹಳ್ಳಿಯ ಕಡೆಯಿಂದ ಬಂದ ಅಮ್ಮನಿಗೆ ಈ ಊರು ಹಿಡಿಸಿದ್ದೇ ಅದಕ್ಕೆ. "ದಾರೀಲಿ ಲದ್ದಿ ಬಿದ್ದಿರ್ತದೆ ಮಾರಾಯ್ತಿ, ನನಗೆ ಬೇರೆ ದೇಶ ಅಂತ ಅನ್ನಿಸೋದೇ ಇಲ್ಲ" ಎಂದು ಬೆಳಗಿನ ವಾಕಿಂಗ್ ಮುಗಿಸಿ ಬಂದು ಹೇಳುತ್ತಿದ್ದಳು.

ಎಳ್ಳಿ, ಬೆಲ್ಲಿ ನಮ್ಮ ಮನೆಗೆ ಬಂದದ್ದು 2017ರ ಸಂಕ್ರಾಂತಿಯ ಹೊತ್ತಿಗೆ. ಪ್ಲಮ್ಮರ್ ಸ್ಟ್ರೀಟ್‌ನಲ್ಲಿ ನಗರದವರೇ ನಡೆಸುವ ವೆಸ್ಟ್ ವ್ಯಾಲಿ ಪ್ರಾಣಿಧಾಮವಿದೆ. ಬೇಡವಾದ ನಾಯಿ, ಬೆಕ್ಕುಗಳ ಜೊತೆಗೆ ಮೊಲ, ಗಿನಿ ಪಿಗ್‌ಗಳೂ ಅಲ್ಲಿಗೆ ಬರುತ್ತವೆ. ಅಲ್ಲಿಂದ ಈ ಎರಡು ಹೆಣ್ಣುಮರಿಗಳನ್ನು ತಂದೆವು. ಒಂದು ಕಪ್ಪು, ಇನ್ನೊಂದು ಕಂದು. ಎಳ್ಳು ಬೆಲ್ಲ ಬೀರುವ ಹಬ್ಬದಲ್ಲಿ ಬಂದ ಹೆಣ್ಣುಗಳಿಗೆ ಮಗಳು ಆ ಹೆಸರುಗಳನ್ನೇ ಇಟ್ಟಳು. ಗಿನಿ ಪಿಗ್‌ಗಳಿಗೇ ಮೀಸಲಾದ ಎಲ್‌ಎ ಗಿನಿ ಪಿಗ್ ರೆಸ್ಕ್ಯೂ ಎಂಬ ಸಂಸ್ಥೆಯೂ ಚಾಟ್ಸ್‌ವರ್ತ್‌ನದೇ. ಇಷ್ಟು ಸಣ್ಣ ಪ್ರಾಣಿಗೆ ಬೇರೆಯೇ ಒಂದು ಸಂಸ್ಥೆ ಏಕೆ ಬೇಕು ಎಂದರೆ ಕಾರಣವಿದೆ. ಹೆಣ್ಣುಮರಿ ಹುಟ್ಟಿದ ತಿಂಗಳಿಗೇ ಗಬ್ಬವಾಗಬಲ್ಲದು. ಎರಡೂ ಹೆಣ್ಣೇ ಎಂದು ಅಂಗಡಿಯವರ ಮಾತು ನಂಬಿ ತಂದವರ ಮನೆಯಲ್ಲಿ ಎರಡು ತಿಂಗಳು ಕಳೆಯುವುದರೊಳಗೆ ಐದಾಗಿರುತ್ತವೆ. ಮಕ್ಕಳ ಹುಟ್ಟುಹಬ್ಬಕ್ಕೆಂದು ಕೊಂಡು, ಶಾಲೆಯ ರಜೆ ಮುಗಿಯುತ್ತಲೇ ರಟ್ಟಿನ ಡಬ್ಬದಲ್ಲಿಟ್ಟು ಬಿಟ್ಟುಹೋಗುವವರೂ ಇದ್ದಾರೆ. ಐದಾರು ವರ್ಷ ಬದುಕುವ ಜೀವ ಅದು, ಆಟಿಕೆಯಲ್ಲ. ಇದನ್ನು ನಾನು ಕೋಪದಿಂದಲೇ ಬರೆಯುತ್ತಿದ್ದೇನೆ.

ಬೆಲ್ಲಿಯ ಬೆನ್ನಿನ ಗಂಟನ್ನು ಕಂಡುಹಿಡಿದವಳು ಅಮ್ಮ. ವೀಸಾದ ಆರು ತಿಂಗಳು ನಮ್ಮೊಡನೆ ಇರಲು ಬಂದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಸೋಫಾದ ಮೇಲೆ ಕೂತು, ಮಡಿಲಲ್ಲಿ ಹಳೇ ಟವೆಲ್ ಹಾಸಿಕೊಂಡು, ಒಂದಾದ ಮೇಲೊಂದನ್ನು ಕೂರಿಸಿಕೊಂಡು ಮೈ ಸವರುವುದು ಅವಳ ದಿನಚರಿ. ಊರಲ್ಲಿ ಕೊಟ್ಟಿಗೆಯ ತುಂಬ ಮಲೆನಾಡು ಗಿಡ್ಡ ಹಸುಗಳನ್ನು ಸಾಕಿದ ಕೈ ಅದು. ಕೂದಲನ್ನು ಬುಡದಿಂದ ಹಿಮ್ಮುಖವಾಗಿ ತೀಡುತ್ತ ಹೋಗುತ್ತಿದ್ದಳು, ಸಾಕಿದವರು ದನದ ಮೈ ನೋಡುವುದೇ ಹಾಗೆ. ಸೆಪ್ಟೆಂಬರಿನ ಒಂದು ದಿನ ಬಾಲವಿರಬೇಕಾದ ಜಾಗಕ್ಕಿಂತ ಸ್ವಲ್ಪ ಮೇಲೆ ಅವಳ ಬೆರಳು ನಿಂತಿತು.

"ಇಲ್ಲೊಂದು ಉಣುಗು ಕಚ್ಚಿದೆ ನೋಡು."

ಕೂದಲು ಬಿಡಿಸಿ ನೋಡಿದೆ. ಉಣುಗಲ್ಲ. ಚರ್ಮದ ಅಡಿಯಲ್ಲಿ, ಒತ್ತಿದರೆ ಜಾರುವ ಒಂದು ಗಂಟು. ಅಮ್ಮ ಇನ್ನೊಮ್ಮೆ ಮುಟ್ಟಿ, "ಬಾವಲ್ಲ. ಬಿಸಿಯಿಲ್ಲ. ಆದ್ರೂ ತೋರಿಸು" ಎಂದಳು.

ಇಲ್ಲಿ ನಾಯಿ ಬೆಕ್ಕು ನೋಡುವ ಡಾಕ್ಟರುಗಳೆಲ್ಲ ಗಿನಿ ಪಿಗ್ ನೋಡುವುದಿಲ್ಲ. ಎಕ್ಸಾಟಿಕ್ ವೆಟ್ ಎಂದು ಬೇರೆಯೇ ಇರುತ್ತಾರೆ. ಹಾವು, ಆಮೆ, ಗಿಳಿ, ಮೊಲ, ಇಂಥವೆಲ್ಲ ಅವರ ಪಾಲಿನವು. ನಾವು ಹೋದ ಡಾಕ್ಟರು ಗಂಟಿಗೆ ಸೂಜಿ ಚುಚ್ಚಿ ಒಳಗಿನ ಬಿಳಿ ಗಸಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಟ್ರೈಕೋಫಾಲಿಕ್ಯುಲೋಮ ಇರಬಹುದು ಎಂದರು. ಕೂದಲಿನ ಬುಡದಲ್ಲಿ ಹುಟ್ಟುವ ಗಡ್ಡೆ. ಗಿನಿ ಪಿಗ್‌ಗಳ ಚರ್ಮದ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ, ಅದರಲ್ಲೂ ಸೊಂಟದ ಮೇಲೆ. ಕ್ಯಾನ್ಸರ್ ಅಲ್ಲ. ಆದರೆ ಬೆಳೆಯುತ್ತ ಹೋಗಿ ಒಡೆಯುತ್ತದೆ, ಒಡೆದಲ್ಲಿ ಕೀವಾಗುತ್ತದೆ, ಪ್ರಾಣಿ ಅದನ್ನು ಕಚ್ಚಿಕೊಳ್ಳುತ್ತದೆ. ಅದು ಅಷ್ಟರಲ್ಲೇ ಅಡಿಕೆ ಗಾತ್ರಕ್ಕೆ ಬಂದಿತ್ತು. ಚಿಕ್ಕದಿರುವಾಗಲೇ ತೆಗೆದರೆ ಒಳ್ಳೆಯದು, ಪೂರ್ತಿ ಖಾತ್ರಿ ಬಯಾಪ್ಸಿಯ ನಂತರವೇ ಎಂದರು.

ಅರಿವಳಿಕೆಯ ಅಪಾಯವನ್ನೂ ಡಾಕ್ಟರು ಬಿಚ್ಚಿ ಹೇಳಿದರು. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅದರ ಪ್ರಕಾರ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇಕಡ 0.17, ಗಿನಿ ಪಿಗ್‌ಗಳಲ್ಲಿ ಶೇಕಡ 3.8. ಎಲ್ಲಿಗೆಲ್ಲಿಯ ಅಂತರ! ಅವುಗಳ ಗಂಟಲಿನ ದಾರಿ ಎಷ್ಟು ಕಿರಿದೆಂದರೆ ಉಸಿರಿನ ಕೊಳವೆ ಹಾಕುವುದು ಬಹಳ ಕಷ್ಟ, ಸಾಮಾನ್ಯವಾಗಿ ಮೂತಿಗೆ ಮುಖವಾಡ ಹಿಡಿದೇ ಗ್ಯಾಸ್ ಕೊಡುತ್ತಾರೆ. ಮೈ ಚಿಕ್ಕದು, ಬೇಗ ತಣ್ಣಗಾಗುತ್ತದೆ. ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಮಗಳು ಅಳತೊಡಗಿದಳು. ನಮ್ಮ ಯಜಮಾನರು ಅವಳನ್ನು ಪಕ್ಕಕ್ಕೆ ಎಳೆದುಕೊಂಡು, ಒಡೆದು ಕೀವಾದ ಮೇಲೆ ಇದೇ ಆಪರೇಷನ್ ಇನ್ನೂ ಕಷ್ಟದ್ದಾಗುತ್ತದೆ ಎಂಬುದನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಅಮ್ಮ ಕೇಳಿದ್ದು ಒಂದೇ: "ನವರಾತ್ರಿ ಮುಗಿದ ಮೇಲೆ ದಿನ ಕೊಡ್ತಾರಾ ಕೇಳು."

ಕೊಟ್ಟರು. ಅಕ್ಟೋಬರ್ 8 ವಿಜಯದಶಮಿ, 9ಕ್ಕೆ ಆಪರೇಷನ್. ಆಯುಧಪೂಜೆಯ ದಿನ ಅಮ್ಮ ಕಾರಿನ ಬೀಗದ ಕೈ, ಲ್ಯಾಪ್‌ಟಾಪು, ಅಡುಗೆಮನೆಯ ಚಾಕುಗಳ ಜೊತೆಗೆ ಹಿಟ್ಟು ತೂಗುವ ನಮ್ಮ ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಬೆಲ್ಲಿಯನ್ನು ದಿನಾ ಅದರ ಮೇಲೆ ತೂಗಬೇಕು ಎಂದು ಡಾಕ್ಟರು ಹೇಳಿದ್ದರಲ್ಲ.

ಗೊಂಬೆ ನೋಡಲು ಬಂದಿದ್ದ ಪರಿಚಯದವರೊಬ್ಬರು ಖರ್ಚು ಎಷ್ಟಾಗುತ್ತದೆಂದು ಕೇಳಿ, ಹೇಳಿದ ಮೇಲೆ, ಅಷ್ಟು ದುಡ್ಡಿಗೆ ಹೊಸದನ್ನೇ ಎಷ್ಟೋ ತರಬಹುದಿತ್ತಲ್ಲ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ನಾನು ಉತ್ತರ ಹುಡುಕುತ್ತಿರುವಾಗ ಅಮ್ಮ ಕೋಸಂಬರಿ ಬಡಿಸುತ್ತಲೇ ನಮ್ಮ ಮನೆಯ ಕೌಲೆ ಹಸುವಿನ ವಿಷಯ ಎತ್ತಿದಳು. ಕೌಲೆಯ ಕುತ್ತಿಗೆಯಲ್ಲಿ ದೊಡ್ಡ ಬಾವು ಎದ್ದು ಮೇವು ಬಿಟ್ಟಿದ್ದಾಗ, ಅಪ್ಪ ಆ ಸಲದ ಅಡಿಕೆ ದುಡ್ಡಿನಲ್ಲಿ ಪೇಟೆಯಿಂದ ಡಾಕ್ಟರನ್ನು ಬಾಡಿಗೆ ಜೀಪಿನಲ್ಲಿ ಕರೆಸಿದ್ದರು. ಆಗ ಕೌಲೆಗೆ ಹಾಲು ಬತ್ತಿ ವರ್ಷಗಳಾಗಿದ್ದವು. "ಇನ್ನೊಂದು ಹಸು ತರಬಹುದಿತ್ತು ಹೌದು. ತಂದ್ರೆ ಇದರ ನೋವು ಹೋಗ್ತಿತ್ತಾ?" ಎಂದು ಅವರನ್ನೇ ಕೇಳಿ, ಇನ್ನೊಂದು ಸೌಟು ಬಡಿಸಿದಳು. ಬೆಲ್ಲಿ ಈಗಿಲ್ಲ, ವಯಸ್ಸಾಗಿ 2022ರಲ್ಲಿ ಹೋದಳು. ದುಡ್ಡಿನ ಲೆಕ್ಕ ನನಗೆ ಮರೆತೇಹೋಗಿದೆ, ಅಮ್ಮ ಆಡಿದ ಆ ಮಾತು ಮರೆತಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಉಪವಾಸವಿಲ್ಲ. ನಾಯಿಗಾದರೆ ರಾತ್ರಿಯಿಂದಲೇ ಏನೂ ಕೊಡಬೇಡಿ ಎನ್ನುತ್ತಾರೆ, ಇಲ್ಲಿ ತದ್ವಿರುದ್ಧ. ಅವಳಿಗೆ ಪ್ರಿಯವಾದ ಹುಲ್ಲು, ಕೊತ್ತಂಬರಿ ಸೊಪ್ಪು, ದೊಣ್ಣೆಮೆಣಸಿನಕಾಯಿ ಎಲ್ಲ ಡಬ್ಬಿಗೆ ಹಾಕಿ ಜೊತೆಗೇ ಕಳಿಸಿ, ಎಚ್ಚರವಾದ ತಕ್ಷಣ ಕೊಡುತ್ತೇವೆ ಎಂದಿದ್ದರು. ಸಂಜೆ ಕರೆತರಲು ಹೋದಾಗ ಸೊಂಟದ ಮೇಲಿನ ಕೂದಲು ಬೋಳಿಸಿ, ಒಂದಂಗುಲಕ್ಕಿಂತ ಸ್ವಲ್ಪ ಉದ್ದದ ಗಾಯ, ಅದರ ಮೇಲೆ ನೀಲಿ ದಾರದ ಹೊಲಿಗೆ. ಕಣ್ಣು ಅರ್ಧ ಮುಚ್ಚಿತ್ತು. ಕೈಗೆ ಮೂರು ಔಷಧಿ ಕೊಟ್ಟರು. ನೋವಿಗೆ ಜೇನಿನ ರುಚಿಯ ಮೆಲಾಕ್ಸಿಕ್ಯಾಮ್ ದ್ರವ, ಸೋಂಕಿಗೆ ಎನ್‌ರೋಫ್ಲಾಕ್ಸಾಸಿನ್, ಮೂರನೆಯದು ತಿನ್ನಿಸಲು ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಪುಡಿ.

ಆ್ಯಂಟಿಬಯಾಟಿಕ್ ವಿಚಾರದಲ್ಲಿ ಒಂದು ಮಾತನ್ನು ಗಿನಿ ಪಿಗ್ ಸಾಕುವ ಪ್ರತಿಯೊಬ್ಬರಿಗೂ ಹೇಳಬೇಕೆನಿಸುತ್ತದೆ. ನಮ್ಮ ಮಕ್ಕಳಿಗೆ ಕಣ್ಣುಮುಚ್ಚಿ ಬರೆದುಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಈ ಪ್ರಾಣಿಯ ಬಾಯಿಗೆ ಹೋದರೆ ಪ್ರಾಣಕ್ಕೇ ಎರವಾಗುತ್ತವೆ. ಹುಲ್ಲು ಅರಗಿಸುವುದು ಅದರ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು. ಪೆನಿಸಿಲಿನ್ ವಂಶದ ಔಷಧಿ ಅವನ್ನು ಕೊಂದುಬಿಡುತ್ತದೆ, ಉಳಿದುಕೊಂಡ ಕೆಟ್ಟವು ವಿಷ ಉಗುಳುತ್ತವೆ. 1940ರಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ಲೋರಿಯ ತಂಡ ಪೆನಿಸಿಲಿನ್ನಿನ ಪರೀಕ್ಷೆ ಮಾಡಿದ್ದು ಇಲಿಗಳ ಮೇಲೆ. ಅವತ್ತು ಗಿನಿ ಪಿಗ್‌ಗಳನ್ನು ಆರಿಸಿದ್ದರೆ ಆ ಔಷಧಿ ಮನುಷ್ಯರವರೆಗೆ ಬರುವುದು ಎಷ್ಟು ತಡವಾಗುತ್ತಿತ್ತೋ. ಮನೆಯಲ್ಲಿರುವ ಮಾತ್ರೆಯನ್ನೇ ಚೂರು ಮಾಡಿ ಕೊಡೋಣ ಎಂಬ ಯೋಚನೆ ಯಾರಿಗೂ ಬರಬಾರದು.

ಗಾಯ ನೋಡಿದ ತಕ್ಷಣ ಅಮ್ಮ ಕೇಳಿದ್ದು ಅರಿಶಿನದ ಬಗ್ಗೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ನೊಣ ಕೂರುವುದಿಲ್ಲ, ಬೇಗ ಒಣಗುತ್ತದೆ ಎಂಬುದು ಕೊಟ್ಟಿಗೆಯಲ್ಲಿ ಕಂಡ ಸತ್ಯ. ಫೋನಿನಲ್ಲಿ ಕೇಳಿದೆ. ಏನೂ ಹಚ್ಚಬಾರದು, ಎಣ್ಣೆ ಪಸೆಗೆ ಗಾಯ ಮೆತ್ತಗಾಗುತ್ತದೆ, ವಾಸನೆಗೆ ಅವಳು ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚಿಕೊಳ್ಳುತ್ತಾಳೆ ಎಂದರು. ಕಾರಣ ಕೇಳಿದ ಮೇಲೆ ಅಮ್ಮ ಒಪ್ಪಿದಳು. ಹುಲ್ಲಿನ ಹಾಸು, ಮರದ ಹೊಟ್ಟು ಎಲ್ಲ ತೆಗೆದು ಮೆತ್ತನೆ ಉಣ್ಣೆಬಟ್ಟೆ ಹಾಸಿದೆವು, ಗಾಯಕ್ಕೆ ಕಸ ಅಂಟಬಾರದಲ್ಲ. ಅಕ್ಕಿ ತುಂಬಿದ ಕಾಲುಚೀಲವನ್ನು ಮೈಕ್ರೋವೇವಿನಲ್ಲಿ ಬೆಚ್ಚಗೆ ಮಾಡಿ, ಬಟ್ಟೆ ಸುತ್ತಿ, ಗೂಡಿನ ಒಂದು ಬದಿಯಲ್ಲಿ ಇಟ್ಟಳು ಅಮ್ಮ. ಬೇಕಾದರೆ ಹತ್ತಿರ ಬರಲಿ, ಸಾಕಾದರೆ ದೂರ ಹೋಗಲಿ ಎಂದು ಇನ್ನೊಂದು ಬದಿಯನ್ನು ಖಾಲಿ ಬಿಟ್ಟಳು. ಎಳ್ಳಿಯನ್ನು ಬೇರೆ ಕೋಣೆಗೆ ಒಯ್ಯಲಿಲ್ಲ. ನಡುವೆ ತಂತಿಯ ಜಾಲರಿ ನಿಲ್ಲಿಸಿದೆವು, ಅಷ್ಟೇ. ಜೊತೆಗಿದ್ದರೆ ಪ್ರೀತಿಗೇ ಗಾಯ ನೆಕ್ಕುತ್ತಾಳೆ, ದೂರ ಮಾಡಿದರೆ ಒಬ್ಬರ ವಾಸನೆ ಒಬ್ಬರಿಗೆ ಮರೆತು ಆಮೇಲೆ ಜಗಳಕ್ಕೆ ಬೀಳುತ್ತಾರೆ. ಎಳ್ಳಿ ಜಾಲರಿಗೆ ಮೈ ಒತ್ತಿಕೊಂಡು ಕೂತಳು, ಸ್ವಲ್ಪ ಹೊತ್ತಿಗೆ ಬೆಲ್ಲಿಯೂ ಈಚೆಯಿಂದ ಅದೇ ಜಾಗಕ್ಕೆ ಬಂದು ಒತ್ತಿಕೊಂಡಳು.

ರಾತ್ರಿ ತಿನ್ನಿಸುವ ಹೊತ್ತು ಬಂತು. ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಸಿರಿಂಜಿಗೆ ತುಂಬಿದೆ. ಅವಳ ತೂಕಕ್ಕೆ ದಿನಕ್ಕೆ ಐವತ್ತರಿಂದ ಅರವತ್ತು ಮಿಲಿಲೀಟರು, ಅದನ್ನು ನಾಲ್ಕೈದು ಸಲಕ್ಕೆ ಹಂಚಿ ಕೊಡಬೇಕು. ಟವೆಲ್ಲಿನಲ್ಲಿ ಸುತ್ತಿ, ಬೆನ್ನು ನನ್ನ ಹೊಟ್ಟೆಗೆ ತಾಗುವಂತೆ ಕೂರಿಸಿಕೊಂಡೆ. ಅವಳು ಬಾಯಿ ಬಿಡಲೊಲ್ಲಳು. ಎದುರಿಗೆ ಕೂತಿದ್ದ ಅಮ್ಮ ಸಿರಿಂಜನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಇದು ಗೊಟ್ಟವೇ ಅಲ್ವಾ. ಅಡ್ಡ ಹಿಡಿ ಮಗಾ. ತಲೆ ಎತ್ತಬೇಡ, ಶ್ವಾಸಕ್ಕೆ ಹೋಗ್ತದೆ."

ಹಸುವಿಗೆ ಕಷಾಯ ಕುಡಿಸುವ ಗೊಟ್ಟ ನಮ್ಮ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಯೇ ಇರುತ್ತಿತ್ತು. ಒಂದು ತುದಿಯನ್ನು ಓರೆಯಾಗಿ ಕೊಯ್ದು, ಕಲ್ಲಿಗೆ ಉಜ್ಜಿ ನುಣುಪು ಮಾಡಿದ ಬಿದಿರಿನ ಅಂಡೆ. ಅಪ್ಪ ಹಸುವಿನ ದವಡೆ ಹಿಡಿದುಕೊಂಡರೆ ಅಮ್ಮ ಬಾಯಿಯ ಪಕ್ಕದಿಂದ, ಹಲ್ಲಿಲ್ಲದ ಜಾಗದಲ್ಲಿ ಗೊಟ್ಟದ ತುದಿ ತೂರಿಸಿ, ಸ್ವಲ್ಪ ಸುರಿದು, ಗಂಟಲು ಆಡುವುದನ್ನು ನೋಡಿ, ಮತ್ತೆ ಸ್ವಲ್ಪ ಸುರಿಯುತ್ತಿದ್ದಳು. ಗಿನಿ ಪಿಗ್‌ನ ಬಾಯಿಯೂ ಹಾಗೆಯೇ ಇದೆ. ಮುಂದೆ ಉದ್ದದ ಬಾಚಿಹಲ್ಲು, ಒಳಗೆಲ್ಲೋ ದವಡೆಹಲ್ಲು, ನಡುವೆ ಖಾಲಿ ಜಾಗ. ಅಮ್ಮ ಎಡಗೈಯ ಎರಡು ಬೆರಳಿನಿಂದ ಅವಳ ಗಲ್ಲವನ್ನು ಮೆಲ್ಲಗೆ ಹಿಡಿದು, ಸಿರಿಂಜಿನ ತುದಿಯನ್ನು ತುಟಿಯ ಪಕ್ಕದಿಂದ ಆ ಖಾಲಿ ಜಾಗಕ್ಕೆ ಸರಿಸಿ, ಅರ್ಧ ಮಿಲಿಯಷ್ಟು ಒತ್ತಿ, ಕೈ ಹಿಂದೆ ತೆಗೆದಳು. ಬೆಲ್ಲಿ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ದವಡೆ ಆಡಿತು. ಒಮ್ಮೆ, ಇನ್ನೊಮ್ಮೆ, ಆಮೇಲೆ ಅಭ್ಯಾಸದ ವೇಗದಲ್ಲಿ ಎಡಬಲಕ್ಕೆ. ಗಲ್ಲದಿಂದ ಒಂದು ಹನಿ ಹಸಿರು ಅಮ್ಮನ ಹೆಬ್ಬೆರಳಿಗೆ ಇಳಿಯಿತು. "ಹ್ಞಾಂ, ತಿಂತದೆ" ಎಂದು ಅಮ್ಮ ಆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಬೆಳಗಿನ ಜಾವ ಮಗಳು ಟಾರ್ಚ್ ಹಿಡಿದು ಗೂಡಿನ ಮೂಲೆ ಹುಡುಕಿ ಕೂಗಿದಳು, "ಅಜ್ಜಿ, ಹಿಕ್ಕೆ ಹಾಕಿದಾಳೆ!" ಸಣ್ಣವು, ಒಣಕಲು, ಒಂದಕ್ಕೊಂದು ಅಂಟಿಕೊಂಡವು. ಆದರೂ ಇದ್ದವು. ಅಮ್ಮ ಒಂದನ್ನು ಕಾಗದದ ಮೇಲಿಟ್ಟು ಉಗುರಿನಿಂದ ಒಡೆದು ನೋಡಿ, ಇನ್ನೂ ನೀರು ಸಾಲದು ಎಂದಳು. ಪುಡಿಗೆ ಇನ್ನಷ್ಟು ನೀರು ಸೇರಿಸಿದೆವು.

ಬೇಟೆಗೆ ಬಲಿಯಾಗುವ ಪ್ರಾಣಿಗಳು ನೋವನ್ನು ತೋರಿಸಿಕೊಳ್ಳುವುದಿಲ್ಲ. ಆಂಡಿಸ್ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಇವುಗಳ ಪೂರ್ವಜರಲ್ಲಿ ಯಾವುದು ಕುಂಟಿತೋ ಅದನ್ನೇ ನರಿಯೋ ಹದ್ದೋ ಮೊದಲು ಎತ್ತಿಕೊಂಡು ಹೋಯಿತು. ಸಾವಿರಾರು ವರ್ಷಗಳಿಂದ ಮನುಷ್ಯರ ಮನೆಯೊಳಗೇ ಬೆಳೆದರೂ ಆ ಬುದ್ಧಿ ಹೋಗಿಲ್ಲ. ಬೆಲ್ಲಿ ಅಳಲಿಲ್ಲ, ನರಳಲಿಲ್ಲ. ಕೂದಲು ಕೆದರಿಕೊಂಡು, ಬೆನ್ನು ಗೂನು ಮಾಡಿಕೊಂಡು ಕೂತಳು. ನೋವಿನ ಔಷಧಿಯ ಸಮಯ ಹತ್ತಿರವಾದಂತೆ ಹಲ್ಲು ಮಸೆಯುವ ಸದ್ದು ಕೇಳುತ್ತಿತ್ತು, ಔಷಧಿ ಕೊಟ್ಟು ಅರ್ಧ ಗಂಟೆಗೆ ನಿಲ್ಲುತ್ತಿತ್ತು. ಇಷ್ಟನ್ನು ನಾನು ಡಾಕ್ಟರ ಪಟ್ಟಿಯಲ್ಲಿ ಓದಿದ್ದೆ. ಅಮ್ಮ ಓದಿರಲಿಲ್ಲ, ಆದರೆ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಹಸು ಮೆಲುಕು ನಿಲ್ಲಿಸಿದ್ದನ್ನು ಕತ್ತಲೆಯಲ್ಲೂ ಕಿವಿಯಲ್ಲೇ ಪತ್ತೆ ಹಚ್ಚುತ್ತಿದ್ದವಳು ಅವಳು. ಈ ದೇಶಕ್ಕೆ ಬಂದ ಮೇಲೆ ಮೈಕ್ರೋವೇವ್ ಒತ್ತಲು, ಬಾಗಿಲಿನ ಅಲಾರಾಂ ಆರಿಸಲು ನಮ್ಮನ್ನು ಕೇಳುತ್ತಿದ್ದವಳನ್ನು ಈಗ ನಾವು ಕೇಳತೊಡಗಿದ್ದೆವು. ಔಷಧಿ ಈಗ ಕೊಡುವುದಾ ಅಜ್ಜಿ? ನೀರು ಸಾಕಾ ಅಮ್ಮಾ? ಅವಳ ಜೀವಮಾನದ ಕಲಿಕೆಗೆ ಇಲ್ಲಿ ಜಾಗವಿಲ್ಲ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಇದ್ದ ದುಃಖ ಆ ವಾರ ಕರಗಿತು.

ಆಪರೇಷನ್ನಿನ ಮರುದಿನ, ಗುರುವಾರ ರಾತ್ರಿ, ಬೆಂಕಿ ಬಿತ್ತು. ಅಕ್ಟೋಬರ್ 10, ರಾತ್ರಿ ಒಂಬತ್ತರ ಸುಮಾರಿಗೆ ಸಿಲ್ಮಾರ್‌ನಲ್ಲಿ ಹೊತ್ತಿದ ಸ್ಯಾಡಲ್‌ರಿಡ್ಜ್ ಬೆಂಕಿ. ಮರುಭೂಮಿಯ ಕಡೆಯಿಂದ ಬೀಸುವ ಸಾಂಟಾ ಆನಾ ಗಾಳಿ ಅದನ್ನು ಬೆಟ್ಟದ ಅಂಚಿಗುಂಟ ಪಶ್ಚಿಮಕ್ಕೆ, ಅಂದರೆ ನಮ್ಮ ಕಡೆಗೆ, ತಳ್ಳಿಕೊಂಡು ಬಂತು. ನಡುರಾತ್ರಿಯ ಹೊತ್ತಿಗೆ ನಮ್ಮ ಪಕ್ಕದ ಪೋರ್ಟರ್ ರಾಂಚ್‌ನವರಿಗೆ ಮನೆ ಬಿಡಲು ಆಜ್ಞೆಯಾಯಿತು. ಒಟ್ಟು ಒಂದು ಲಕ್ಷದಷ್ಟು ಜನ ಮನೆ ತೊರೆಯಬೇಕಾಯಿತು, ಹೆದ್ದಾರಿಗಳು ಮುಚ್ಚಿದವು. ನಮ್ಮ ಮನೆ 118ನೇ ಫ್ರೀವೇಯ ದಕ್ಷಿಣಕ್ಕಿದ್ದುದರಿಂದ ಆಜ್ಞೆ ಬರಲಿಲ್ಲ. ಆದರೆ ಹಿತ್ತಿಲಿನಿಂದ ನೋಡಿದರೆ ಈಶಾನ್ಯದ ಬೆಟ್ಟದ ಸಾಲು ಕೆಂಪಾಗಿತ್ತು, ಗಾಳಿಯಲ್ಲಿ ಬೂದಿ. ಬೀದಿಯವರೆಲ್ಲ ಕಾರುಗಳನ್ನು ರಸ್ತೆಗೆ ಮುಖಮಾಡಿ ನಿಲ್ಲಿಸಿ ಕಾಯುತ್ತಿದ್ದರು. ಕುದುರೆ ಇದ್ದವರು ಟ್ರೈಲರುಗಳನ್ನು ಕಟ್ಟಿಕೊಂಡಿದ್ದರು. ಹಿಂದಿನ ವರ್ಷವಷ್ಟೇ, 2018ರ ನವೆಂಬರಿನ ವೂಲ್ಸಿ ಬೆಂಕಿಯಲ್ಲಿ, ವುಡ್‌ಲ್ಯಾಂಡ್ ಹಿಲ್ಸ್‌ನ ಪಿಯರ್ಸ್ ಕಾಲೇಜು ಊರೆಲ್ಲದರ ಕುದುರೆಗಳಿಗೆ ಆಸರೆಯಾಗಿತ್ತು.

ಇವರು ಪಾಸ್‌ಪೋರ್ಟು, ಕಾಗದಪತ್ರ, ನೀರಿನ ಬಾಟಲಿ ಜೋಡಿಸಿದರು. ನಾನು ಕಿಟಕಿ, ಬಾಗಿಲುಗಳ ಸಂದಿಗೆ ಒದ್ದೆ ಟವೆಲ್ ತುರುಕಿದೆ. ಗಿನಿ ಪಿಗ್‌ಗಳ ಶ್ವಾಸಕೋಶ ಸೂಕ್ಷ್ಮ, ಅರಿವಳಿಕೆಯ ಗ್ಯಾಸ್ ಕುಡಿದು ಎರಡು ದಿನವೂ ಆಗಿರದ ಬೆಲ್ಲಿಗೆ ಈ ಹೊಗೆ. ಗೂಡನ್ನು ಜಾಲರಿಯ ಸಮೇತ ಕಿಟಕಿಯಿಲ್ಲದ ಬಚ್ಚಲಿನ ನೆಲಕ್ಕೆ ಸಾಗಿಸಿದೆವು. ಅಮ್ಮ ತನ್ನ ಕೈಚೀಲವನ್ನು ಸಜ್ಜು ಮಾಡಿದಳು. ತಾನೇ ತೆರೆದು ತೋರಿಸಿದ್ದರಿಂದ ಅದರೊಳಗಿದ್ದದ್ದು ಇವತ್ತಿಗೂ ನೆನಪಿದೆ: ಅವಳ ಪಾಸ್‌ಪೋರ್ಟು, ಬಿಪಿ ಮಾತ್ರೆ, ಅಪ್ಪನ ಒಂದು ಫೋಟೋ, ಬಟ್ಟೆಯಲ್ಲಿ ಸುತ್ತಿದ ಎರಡು ಸಿರಿಂಜು, ಪುಡಿಯ ಪೊಟ್ಟಣ, ಬೆಲ್ಲಿಯ ಔಷಧಿ ಬಾಟಲಿ, ಜೊತೆಗೆ ಆ ತಕ್ಕಡಿ. "ಎಲ್ಲಿಗೆ ಹೋದ್ರೂ ಹೊತ್ತುಹೊತ್ತಿಗೆ ತಿನ್ನಿಸಲೇಬೇಕು" ಎಂದಳು.

ಆ ರಾತ್ರಿ ಯಾರೂ ಮಲಗಲಿಲ್ಲ. ಫೋನಿನಲ್ಲಿ ನಿಮಿಷಕ್ಕೊಂದು ಎಚ್ಚರಿಕೆ.

ಬಚ್ಚಲಿನಲ್ಲಿ ಅಮ್ಮ ಮಣೆ ಹಾಕಿಕೊಂಡು ಕೂತು, ಗಡಿಯಾರ ನೋಡಿ, ಹೊತ್ತಿಗೆ ಸರಿಯಾಗಿ ಹದಿನೈದು ಮಿಲಿ ತಿನ್ನಿಸಿದಳು. ಬೆಳಗಾಗುವ ಹೊತ್ತಿಗೆ ಗಾಳಿಯ ದಿಕ್ಕು ನಮಗೆ ಅನುಕೂಲವಾಯಿತು. ಆ ಶುಕ್ರವಾರ ಕಣಿವೆಯ ಶಾಲೆಗಳಿಗೆ ರಜೆ. ಮಗಳು ದೊಣ್ಣೆಮೆಣಸಿನಕಾಯಿಯ ಒಂದು ಕೆಂಪು ಎಳೆ ಹಿಡಿದು ಬಚ್ಚಲಿಗೆ ಹೋದಳು. ಬೆಲ್ಲಿ ಮೂಸಿದಳು, ಬಿಟ್ಟಳು, ಮತ್ತೆ ಮೂಸಿದಳು, ಕಚ್ಚಿದಳು. ತಾನಾಗಿಯೇ ತಿಂದ ಮೊದಲ ತುತ್ತು ಅದು. ಕರಕರ ಅಗಿಯುವ ಆ ಸದ್ದಿಗೆ ಇವರೂ ಬಂದು ಬಾಗಿಲಲ್ಲಿ ನಿಂತರು.

ದೊಣ್ಣೆಮೆಣಸಿನಕಾಯಿ ಬರೀ ರುಚಿಗಲ್ಲ. ಹೆಚ್ಚಿನ ಪ್ರಾಣಿಗಳು ಸಿ ಜೀವಸತ್ವವನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ, ಗಿನಿ ಪಿಗ್‌ಗಳಿಗೆ ಆ ಶಕ್ತಿಯಿಲ್ಲ. ಅದಿಲ್ಲದೆ ಗಾಯ ಕೂಡುವುದಿಲ್ಲ, ಕೂಡಿದ ಹಳೇ ಗಾಯವೂ ಬಿಟ್ಟುಕೊಳ್ಳುತ್ತದೆ. ನಾವಿಬ್ಬರೂ ಹಂಚಿಕೊಂಡ ಈ ಕೊರತೆಯಿಂದಲೇ ವೈದ್ಯಶಾಸ್ತ್ರಕ್ಕೆ ದೊಡ್ಡ ದಾರಿ ತೆರೆಯಿತು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಗಿನಿ ಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಅವಕ್ಕೆ ಸ್ಕರ್ವಿ ಬಂತು, ಸೊಪ್ಪು ಕೊಟ್ಟಾಗ ವಾಸಿಯಾಯಿತು. ನಾವಿಕರನ್ನು ಶತಮಾನಗಳ ಕಾಲ ಕೊಂದ ರೋಗದ ಗುಟ್ಟು ಪ್ರಯೋಗಶಾಲೆಗೆ ಸಿಕ್ಕಿದ್ದು ಹಾಗೆ. ಆ ಜೀವಸತ್ವವನ್ನು ಬೇರ್ಪಡಿಸಿದ ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅದನ್ನು ಹೇರಳವಾಗಿ ಪಡೆದದ್ದು ತಾವು ಕೆಲಸ ಮಾಡುತ್ತಿದ್ದ ಸೆಗೆಡ್‌ನ ಕೆಂಪು ಪಾಪ್ರಿಕಾ ಮೆಣಸಿನಿಂದ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಆ ಪ್ರಯೋಗಗಳಲ್ಲಿ ಸತ್ತ ಗಿನಿ ಪಿಗ್‌ಗಳಿಗೆ ಹೆಸರಿರಲಿಲ್ಲ. ನನ್ನ ಮಗಳ ಹಲ್ಲು, ವಸಡು, ಅವಳ ಮೊಣಕಾಲಿನ ಗಾಯ ವಾಸಿಯಾಗುವುದು, ಎಲ್ಲದರಲ್ಲೂ ಅವುಗಳ ಋಣವಿದೆ. ಬೆಲ್ಲಿಗೆ ನಾವು ಮಾಡಿದ್ದು ಹೆಚ್ಚಾಯಿತು ಎಂದು ನನಗೆ ಒಮ್ಮೆಯೂ ಅನ್ನಿಸದಿದ್ದುದಕ್ಕೆ ಇದೂ ಒಂದು ಕಾರಣ.

ಆಮೇಲಿನದು ವಾಸಿಯಾಗುವ ಕಥೆ, ಬೇಗ ಹೇಳಬಹುದು. ಹೊಗೆ ಇಳಿಯಿತು. ಗಾಯದ ಅಂಚು ಕೆಂಪಿನಿಂದ ಗುಲಾಬಿಗೆ ತಿರುಗಿತು, ಸುತ್ತ ಮೊಳಕೆ ಕೂದಲು ಬಂತು. ಸಿರಿಂಜಿನ ಊಟ ಕಡಿಮೆಯಾಗುತ್ತ ಹೋಗಿ ನಿಂತಿತು. ಫ್ರಿಜ್ ತೆಗೆದ ಸದ್ದಿಗೆ "ವೀಕ್ ವೀಕ್" ಎಂದು ಕೂಗುವುದು ಮತ್ತೆ ಶುರುವಾದಾಗ ಅಮ್ಮ ಅಡುಗೆಮನೆಯಿಂದಲೇ "ಬಂದೆ ಬಂದೆ" ಎಂದು ಉತ್ತರ ಕೊಡುತ್ತಿದ್ದಳು. ಬಯಾಪ್ಸಿ ವರದಿ ಬಂತು, ಅದೇ ಕೂದಲ ಬುಡದ ಗಡ್ಡೆ, ಪೂರ್ತಿ ತೆಗೆಯಲಾಗಿದೆ, ಕ್ಯಾನ್ಸರ್ ಇಲ್ಲ.

ಹೊಲಿಗೆ ಬಿಚ್ಚಿಸಲು ಅಮ್ಮನೂ ಬಂದಳು, ಮಗಳೂ ಬಂದಳು. ಡಾಕ್ಟರು ಸಣ್ಣ ಕತ್ತರಿಯಿಂದ ಒಂದೊಂದೇ ಗಂಟು ಕತ್ತರಿಸಿ ದಾರ ಎಳೆದರು. ಬೆಲ್ಲಿ ಮಗಳ ತೋಳಿನ ಸಂದಿಯಲ್ಲಿ ಮುಖ ಹುದುಗಿಸಿಕೊಂಡಿದ್ದಳು. ತೂಕ ಬರೆದಿಟ್ಟಿದ್ದೀರಾ ಎಂದು ಡಾಕ್ಟರು ಕೇಳಿದಾಗ ಅಮ್ಮ ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಊರಿನ ಸೊಸೈಟಿಯಲ್ಲಿ ಕೊಟ್ಟಿದ್ದ ಡೈರಿ. ಗೆರೆ ಎಳೆದು, ತಿಥಿ ವಾರ ಬರೆದು, ಎದುರಿಗೆ ಕನ್ನಡದ ಅಂಕಿಗಳಲ್ಲಿ ಗ್ರಾಮಿನ ಲೆಕ್ಕ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನೋಡಿ, ಮಗಳ ಕಡೆ ತಿರುಗಿದರು. ಮಗಳು ಭಾನುವಾರದ ಕನ್ನಡ ತರಗತಿಯಲ್ಲಿ ಕಲಿತದ್ದನ್ನು ಬೆರಳಿಟ್ಟು ಓದಿದಳು. ಆಪರೇಷನ್ನಿನ ಬೆಳಿಗ್ಗೆ ೯೪೨. ಮರುದಿನ ೯೧೮. ಬೆಂಕಿಯ ಮರುದಿನ ೮೯೬. ಅಲ್ಲಿಂದ ಏರು, ೯೦೩, ೯೧೧, ಕೊನೆಯ ಸಾಲಿನಲ್ಲಿ ೯೩೮.

"ಪಕ್ಕದ ಸಾಲು ಯಾವುದು?" ಎಂದು ಡಾಕ್ಟರು ಕೇಳಿದರು. ನನಗೂ ಗೊತ್ತಿರಲಿಲ್ಲ. ಮಗಳು ಮೇಲಿನ ಹೆಸರು ಓದಿದಳು, ಎಳ್ಳಿ. ಕಾಯಿಲೆಯೇ ಇಲ್ಲದ ಎಳ್ಳಿಯನ್ನೂ ಅಮ್ಮ ದಿನಾ ತೂಗಿದ್ದಳು. ೧೦೧೦ರಿಂದ ಶುರುವಾದ ಆ ಸಾಲು ಇಳಿಯುತ್ತ ಇಳಿಯುತ್ತ ೯೬೪ಕ್ಕೆ ಬಂದು ನಿಂತಿತ್ತು. ಡಾಕ್ಟರು ಎರಡು ಸಾಲುಗಳನ್ನೂ ಇನ್ನೊಮ್ಮೆ ಓದಿಸಿಕೊಂಡು, ಇವತ್ತೇ ಜಾಲರಿ ತೆಗೆಯಿರಿ ಎಂದರು.

ತೆಗೆದೆವು. ಎಳ್ಳಿ ಗುರುಗುಟ್ಟುತ್ತ ಬೆಲ್ಲಿಯ ಸುತ್ತ ಸುತ್ತಿ, ಕೂದಲಿಲ್ಲದ ಸೊಂಟವನ್ನು ಮೂಸಿ, ಅವಳ ಬಾಯಲ್ಲಿದ್ದ ಹುಲ್ಲಿನ ಇನ್ನೊಂದು ತುದಿಯನ್ನು ತಾನು ಕಚ್ಚಿ ಎಳೆದಳು. ಅಮ್ಮ ಹೊಸ ಕಟ್ಟು ಬಿಚ್ಚಿ ಕೊತ್ತಂಬರಿ ಸೊಪ್ಪಿನ ಬೇರು ಕತ್ತರಿಸುತ್ತಿದ್ದಳು. "ಇವತ್ತಿಂದ ಎಳ್ಳಿಗೆ ಒಂದು ಹಿಡಿ ಜಾಸ್ತಿ ಹಾಕು. ಸೊರಗಿದೆ ಪಾಪ. ನಾಳೆ ಬೆಳಿಗ್ಗೆ ಇಬ್ಬರನ್ನೂ ಮತ್ತೆ ತೂಗಬೇಕು, ತಕ್ಕಡಿ ಹಿಟ್ಟಿನ ಡಬ್ಬಿ ಹತ್ರ ಇಟ್ಟಿದೀಯಾ?"